ಬೂದಿಕೋಟೆಯ ‘ಕೋ’

ನನ್ನ ಕೆಲಸ ಹೇಳಿದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಎರಡು ಕಂಪ್ಯೂಟರುಗಳ ಫೈಲುಗಳನ್ನು ಸದಾ ಒಂದೇ ಥರ ಇಡುವ ನಮ್ಮ ಕಂಪನಿಯ ತಂತ್ರಾಂಶವನ್ನು ಪರೀಕ್ಷಿಸುವುದು. ಒಂದು ಇಡೀ ಕಂಪ್ಯೂಟರನ್ನು ಒಂದೇ ಫೈಲಿನೊಳಗೆ ತುಂಬಿಟ್ಟಿರುತ್ತೇವೆ. ಅದಕ್ಕೆ ಡಿಸ್ಕ್ ಇಮೇಜ್ ಅನ್ನುತ್ತಾರೆ. ಅದರಿಂದ ಎರಡು ಹುಸಿ ಕಂಪ್ಯೂಟರ್ ಎಬ್ಬಿಸಿ, ಒಂದರಲ್ಲಿಟ್ಟ ಫೈಲು ಇನ್ನೊಂದಕ್ಕೂ ಬಂತೇ, ಇಲ್ಲಿ ಅಳಿಸಿದ್ದು ಅಲ್ಲೂ ಹೋಯಿತೇ ಎಂದು ನೋಡುವುದು. ನೋಡುವವಳೂ ನಾನಲ್ಲ, ನಾನು ಬರೆದಿಟ್ಟ ಪರೀಕ್ಷೆ. ಅದು ತಾನೇ ಓಡುತ್ತದೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಮಾರಿಕುಪ್ಪಂ ರೈಲಿಳಿದು ಆಫೀಸು ಸೇರುವಷ್ಟರಲ್ಲಿ ಪರದೆಯೆಲ್ಲ ಹಸಿರು. ಹಸಿರೆಂದರೆ ಪಾಸು.

ಪರೀಕ್ಷೆಯ ಫೈಲುಗಳಿಗೆಲ್ಲ ನಾನಿಟ್ಟದ್ದು ಇಂಗ್ಲಿಷ್ ಹೆಸರೇ. ‘ಒಂದಾದರೂ ಕನ್ನಡದ ಹೆಸರು ಹಾಕೇ’ ಎಂದು ಪಕ್ಕದ ಮೇಜಿನ ಗೆಳತಿ ಹೇಳಿದಾಗ, ‘ಫೋಲ್ಡರಿಗೆ ಯಾರು ಕಣೇ ಕನ್ನಡದಲ್ಲಿ ಹೆಸರಿಡ್ತಾರೆ?’ ಎಂದು ನಕ್ಕಿದ್ದೆ. ಇಡುವವರು ನಮ್ಮ ಮನೆಯಲ್ಲೇ ಇದ್ದರು: ಬಂಗಾರಪೇಟೆಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ನನ್ನ ಚಿಕ್ಕಪ್ಪ. ಯಾವ ಊರಿನ ಮದುವೆಯೋ ಫೋಲ್ಡರಿಗೆ ಆ ಊರಿನ ಹೆಸರು. ನಮ್ಮ ತಂತ್ರಾಂಶವನ್ನು ಅವರ ಅಂಗಡಿಗೂ ಮನೆಗೂ ಹಾಕಿಕೊಟ್ಟವಳು ನಾನೇ. ‘ಇನ್ನು ಎಲ್ಲಾ ಎರಡು ಕಡೆ ಇರ್ತೈತೆ, ಕ್ಯಾಮೆರಾ ಕಾರ್ಡ್ ಧೈರ್ಯವಾಗಿ ಅಳಿಸ್ಕೊ ಚಿಕ್ಕಪ್ಪ’ ಎಂದು ಜಂಬವನ್ನೂ ಕೊಚ್ಚಿದ್ದೆ. ಅವರು ಅಳಿಸಿದರು.

ಹಾಳಾದ್ದು ‘ಬೂದಿಕೋಟೆ’ ಅನ್ನುವ ಫೋಲ್ಡರಿನಲ್ಲಿ ಎಡವಿತು. ಅಂಗಡಿಯ ಕಂಪ್ಯೂಟರ್ ‘ಕೋ’ವನ್ನು ಇಡಿಯಾಗಿ ಬರೆದುಕೊಂಡರೆ, ಮನೆಯದು ಎತ್ವ, ಕೊಂಬು, ದೀರ್ಘ ಎಂದು ಬಿಡಿಸಿ ಬರೆದುಕೊಂಡಿತ್ತು. ಕಣ್ಣಿಗೆ ಎರಡೂ ಒಂದೇ. ತಂತ್ರಾಂಶಕ್ಕೆ ಮಾತ್ರ ಬೇರೆ ಬೇರೆ ಊರು. ಇಲ್ಲಿಲ್ಲದ್ದು ಅಲ್ಲೇಕೆ, ಅಲ್ಲಿಲ್ಲದ್ದು ಇಲ್ಲೇಕೆ ಎಂದು ಎರಡೂ ಕಡೆ ಅಳಿಸಿ ಕೂತಿತು. ಕನ್ನಡದ ಒಂದೇ ಒಂದು ಹೆಸರು ಹಾಕಿದ್ದರೆ ನನ್ನ ಪರೀಕ್ಷೆಗೇ ಅದು ಸಿಕ್ಕಿಬೀಳುತ್ತಿತ್ತು. ಥೂ, ನನ್ನ ಜಾಣತನಕ್ಕೆ ಬೆಂಕಿ ಹಾಕ!

ಆ ಮದುವೆಯಲ್ಲಿ ಮಗಳನ್ನು ಧಾರೆಯೆರೆದ ತಂದೆ ಮರುತಿಂಗಳೇ ತೀರಿಕೊಂಡಿದ್ದರು. ಗೋಡೆಗೆ ಹಾಕಲು ಅವರದೊಂದು ಫೋಟೋ ಬೇಕೆಂದು ಅವರ ಹೆಂಡತಿ ಬೂದಿಕೋಟೆಯಿಂದ ಬಸ್ಸು ಹಿಡಿದು ಬಂದರು. ಹೋದ ಭಾನುವಾರದ ಮಾತು, ನಾನೂ ಸ್ಟುಡಿಯೋದಲ್ಲಿದ್ದೆ. ನೆಂಟರ ಫೋನುಗಳಲ್ಲೆಲ್ಲ ಹೆಣ್ಣು ಗಂಡೇ ಅಂತೆ. ಆ ಮನುಷ್ಯ ಯಾರದೋ ಭುಜದ ಹಿಂದೆ ಅರ್ಧ ಮುಖ.

ಕಂಪ್ಯೂಟರಿಗೆ ಹಾಕಿದ ತಂತ್ರಾಂಶವೇ ಫೋಟೋ ಅಳಿಸಿಬಿಟ್ಟಿತೆಂದು ಚಿಕ್ಕಪ್ಪ ತಡವರಿಸಿ ಹೇಳಿದರು. ‘ನಂಬಿ ಕೊಟ್ರೆ ಇಂಗಾ ಮಾಡಾದು ಅಣ್ಣಾ? ಅವ್ರ್ ಮಕ ಇನ್ನೆಲ್ಲಿಂದ ತರ್ಲಿ?’ ಎಂದು ಆಕೆ ಕೂಗಾಡಿದರು. ಚಿಕ್ಕಪ್ಪ ತಲೆ ತಗ್ಗಿಸಿ ಬೈಸಿಕೊಂಡರೇ ಹೊರತು ನನ್ನ ಕಡೆ ಕಣ್ಣೂ ಹಾಯಿಸಲಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ‘ತಪ್ಪು ನಂದಮ್ಮಾ’ ಅನ್ನುವಷ್ಟು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಳು ಮಾತ್ರ ಬಂತು.

ಆಕೆ ನನ್ನನ್ನು ನೋಡಿ ತಣ್ಣಗಾದರು. ‘ನೀನ್ಯಾಕವ್ವಾ ಅಳ್ತೀಯಾ? ಬೆಂಗಳೂರಾಗೆ ಕಂಪ್ಯೂಟರ್ ಕೆಲ್ಸ ಅಂತಲ್ಲಾ ನಿಂದು. ಇದನ್ನ ಮಾಡ್ದೋರು ಯಾರಾನಾ ಸಿಕ್ಕಿದ್ರೆ ಒಂದ್ ಮಾತ್ ಏಳು, ಇನ್ನೊಂದ್ ಮನೇಗೆ ಇಂಗಾಗ್ಬಾರ್ದು.’

‘ಏಳ್ತೀನಮ್ಮಾ’ ಎಂದೆ. ಆಕೆ ನನ್ನ ಬೆನ್ನು ಸವರಿ, ಬಸ್ಸಿಗೆ ಹೊರಟರು.