ಹಲಗೆಯವನ ಮನೆಯ ನೆಲ

ಊರಿನ ಅರ್ಧ ಮನೆಗಳಿಗೆ ಮರದ ನೆಲ ಹಾಸಿದ ಹಲಗೆಯವನ ಸ್ವಂತ ಮನೆಯಲ್ಲಿ ಮಾತ್ರ ಬರೀ ಸಿಮೆಂಟು. ಅದೂ ಕಿಟಕಿಯ ಹತ್ತಿರ ಕಿತ್ತುಹೋಗಿ, ಕಾಲಿಟ್ಟರೆ ಪುಡಿ ಏಳುತ್ತಿತ್ತು. ದೀಪದ ಬುಡದಲ್ಲೇ ಕತ್ತಲು ಎಂದು ಹೆಂಡತಿ ಮದುವೆಯಾದಾಗಿನಿಂದ ಚುಚ್ಚುತ್ತಲೇ ಇದ್ದಳು. ಈಗ ಮಗಳು ಕೂಸಿನೊಂದಿಗೆ ಬರುವವಳಿದ್ದಳು. ಮೊಮ್ಮಗಳು ಅಂಬೆಗಾಲಿಡುವುದು ಆ ಪುಡಿಯ ಮೇಲೆಯೇ?

ಗಟ್ಟಿಮರದ ಹಲಗೆಗಳು ಬಂದು, ಕೋಣೆಯ ಗಾಳಿಗೆ ಒಗ್ಗಲೆಂದು ಅಲ್ಲೇ ಮಲಗಿದ್ದವು. ಹಲಗೆಯವನಿಗೆ ಮಾತ್ರ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. "ಇನ್ನೊಂದ್ಸಲ ಮಂಡಿಯೂರಿ ಕೆಲಸ ಮಾಡಿದ್ರೆ ಆಮೇಲೆ ಕೋಲೇ ಗತಿ" ಎಂದಿದ್ದರು ಡಾಕ್ಟರು. ಅವನು ಹಾಸಿದ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿ ಆಹಾ ಎಂದವರು ಎಷ್ಟೋ ಮಂದಿ. ಆ ನುಣುಪು ಯಾರ ಮಂಡಿಚಿಪ್ಪು ಸವೆಸಿ ಬಂತೆಂದು ಕೇಳಿದವರು ಒಬ್ಬರೂ ಇಲ್ಲ. ನೆಲ ಕಾಣುವ ಕಣ್ಣಿಗೆ ನೆಲಕ್ಕೆ ಬಗ್ಗಿದವನು ಕಾಣುವುದಿಲ್ಲ, ಇದೆಂಥ ಕಣ್ಣೋ!

"ಗಿಡ್ಡನ್ನ ಕರೀರಿ" ಎಂದಳು ಹೆಂಡತಿ. ಗಿಡ್ಡ ಇವನ ಕೈಕೆಳಗೇ ಕಲಿತು, ಈಗ ಇವನ ಗಿರಾಕಿಗಳನ್ನೆಲ್ಲ ಬಾಚಿಕೊಂಡವನು.

"ನನ್ನ ಮನೆಗೆ ಅವನಾ? ಊರೆಲ್ಲ ನಗುತ್ತೆ ಕಣೇ."

"ಕ್ಷೌರ ಮಾಡೋನ ತಲೆಗೂ ಇನ್ನೊಬ್ಬನೇ ಕತ್ತರಿ ಹಿಡೀಬೇಕು. ಅದಕ್ಕೆ ಯಾರ್ರೀ ನಗ್ತಾರೆ?"

ಅವಳು ಲಾಂಡ್ರಿಯ ಕೆಲಸಕ್ಕೆ ಹೋದದ್ದೇ ತಡ, ಹಲಗೆಯವನು ಹೊಸದಾಗಿ ತಂದಿದ್ದ ಮಂಡಿಮೆತ್ತೆ ಕಟ್ಟಿಕೊಂಡು ನೆಲಕ್ಕಿಳಿದ. ಗೋಡೆಯುದ್ದಕ್ಕೆ ಮೊದಲ ಸಾಲು, ಅದರ ಪಕ್ಕ ಎರಡನೆಯದು. ಕೈ ಏನನ್ನೂ ಮರೆತಿರಲಿಲ್ಲ. ಮೂರನೆಯದಕ್ಕೆ ಸುತ್ತಿಗೆ ಎತ್ತಿದಾಗ ಮಂಡಿ ಲಟಕ್ಕೆಂದಿತು. ಏಳಲು ಹೋದ, ಕಾಲು ಅಲ್ಲಾಡಲಿಲ್ಲ.

ಸಂಜೆ ಹೆಂಡತಿ ಬಂದಾಗ ಅವನು ಹಾಸಿದ ಹಲಗೆಯ ಮೇಲೆ ಅಂಗಾತ ಬಿದ್ದುಕೊಂಡು ಸೂರು ನೋಡುತ್ತಿದ್ದ. ಅವಳ ಹಿಂದೆಯೇ, ಅವಳೇ ಕರೆತಂದ ಗಿಡ್ಡ. ಇಬ್ಬರೂ ಸೇರಿ ಎತ್ತಿ ಕುರ್ಚಿಗೆ ಹಾಕಿದರು. ಗಿಡ್ಡನ ಕಣ್ಣು ಗೋಡೆಯ ಬುಡಕ್ಕೆ ಹೋಯಿತು.

"ಅಣ್ಣಾ, ಗೋಡೆ ಹತ್ರ ಸಂದಿ ಎಲ್ಲಿ? ಮರ ಉಬ್ಬಿದ್ರೆ ಎಲ್ಲಿಗೆ ಹೋಗ್ಬೇಕು?"

"ನನ್ನ ಮನೇಲಿ ಸಂದಿ ಇತ್ತು ಅಂತ ಯಾರೂ ಅನ್ನಬಾರದು. ಉಬ್ಬಲ್ಲ ಬಿಡು."

"ಊರಿನ ಮರ ಎಲ್ಲಾ ಉಬ್ಬತ್ತೆ, ನಿಮ್ಮದು ಮಾತ್ರ ನಾಚಿಕೊಂಡು ಕೂತಿರತ್ತಾ? ಹಿಂಗಂದ ಗಿರಾಕಿಗೆ ನೀವೇನು ಬೈತಿದ್ರಿ, ಅಕ್ಕನ ಮುಂದೆ ಹೇಳ್ಲಾ?"

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. "ಕಿತ್ತು ಹಾಕು" ಎಂದ ಹಲಗೆಯವನು, ಹಲ್ಲು ಕೀಳಿಸಿಕೊಂಡವನ ಹಾಗೆ.

ಗಿಡ್ಡ ಮಂಡಿಯೂರಿದ. ಲಟಕ್ ಎಂದಿತು. ಅದೇ ಸದ್ದು. ಹಲಗೆಯವನು ಬೆಚ್ಚಿ, ತನ್ನ ಮಂಡಿಮೆತ್ತೆ ಬಿಚ್ಚಿ ಅವನತ್ತ ಎಸೆದ. "ಇದನ್ನ ಕಟ್ಕೊಳೋ ಮುಠ್ಠಾಳ!"

ಗಿಡ್ಡ ತಲೆಯೆತ್ತಲಿಲ್ಲ. "ಕಟ್ಟಿದ್ರೆ ಕೆಲಸ ನಿಧಾನ ಆಗತ್ತೆ, ಬಿಚ್ಚೋ ಅಂತಿದ್ದೋರು ಯಾರಣ್ಣಾ?"

ಹೆಂಡತಿಯ ನಗು ನಿಂತಿತು. ಗಿರಾಕಿಗಳ ಕುರುಡುಗಣ್ಣನ್ನು ಜೀವಮಾನವಿಡೀ ಬೈದವನು ಈಗ ಮೊದಲ ಸಲ ಗಿಡ್ಡನ ಮಂಡಿ ನೋಡಿದ.

"ನಿಧಾನ ಆಗ್ಲಿ" ಎಂದ. "ಕಟ್ಕೋ."

"ನಾಡಿದ್ದು ಮಗಳು ಬರ್ತಾಳಲ್ರೀ" ಎಂದಳು ಹೆಂಡತಿ.

"ಬರ್ಲಿ. ನೆಲ ಆಗೋವರೆಗೆ ಮಗೂನ ನಾನೇ ತೊಡೆ ಮೇಲೆ ಇಟ್ಕೋತೀನಿ."

"ನೀವಾ? ಒಂದು ಕಡೆ ಕೂತ್ಕೊಂಡಾ?"

ಗಿಡ್ಡ ಮೆತ್ತೆ ಕಟ್ಟಿಕೊಂಡು ಮೊದಲ ಹಲಗೆ ಕೀಳಲು ಮೀಟುಗೋಲು ಹಾಕಿದ. ಹಲಗೆಯವನು ಅಷ್ಟರಲ್ಲೇ ಕುರ್ಚಿಯ ಕೈ ಹಿಡಿದು ಏಳಲು ನೋಡುತ್ತಿದ್ದ.