ಅತ್ತಿಗೆಗೆ ಓದಿ ಹೇಳಿದ ಸಾಲು

ನನ್ನ ಗಂಡನ ಅಕ್ಕನಿಗೆ ಬೈಬಲ್ ಓದಿ ಹೇಳುವ ಕೆಲಸ ನಾನು ಭಕ್ತಿಯಿಂದ ಹಿಡಿದದ್ದಲ್ಲ. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದಿತ್ತು. ಮನೆಯಲ್ಲಿ ಉಳಿದಿದ್ದವರು ನಾವಿಬ್ಬರೇ. ಚರ್ಚಿನ ಸ್ವಾಮಿಗಳು ಮನೆಗೆ ಬಂದು, "ದಿನಾ ಬೆಳಿಗ್ಗೆ ಹತ್ತು ನಿಮಿಷ ಓದಿ ಹೇಳಮ್ಮ" ಅಂದಾಗ ಅವರ ಮುಖ ನೋಡಿ ಹೂಂ ಅಂದೆ. ಅವಳ ಮುಖ ನೋಡಿದ್ದರೆ ಅನ್ನುತ್ತಿರಲಿಲ್ಲ.

ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡ ಕಾಮಗೆರೆಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ಅಣ್ಣನ ಮಗುವಿನ ಜ್ಞಾನಸ್ನಾನಕ್ಕೆಂದು ನಾನು ಯಳಂದೂರಿನ ತವರಿಗೆ ಹೋಗಿದ್ದ ದಿನವೇ ಎದೆ ಹಿಡಿದುಕೊಂಡು ಮಿಲ್ಲಿನಲ್ಲಿ ಕುಸಿದ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡುವಾಗ ಗುಂಡಿಯ ಪಕ್ಕ ನಿಂತು, ಊರವರೆಲ್ಲ ಕೇಳುವ ಹಾಗೆ ಅತ್ತಿಗೆ ಕೂಗಿದಳು: "ನೀನು ತವರಿಗೋಗಿ ಉಂಡ್ಕಂಡ್ ಕೂತಿದ್ದೆ. ನನ್ ತಮ್ಮ ಕೇಳೋರಿಲ್ದೆ ಸತ್ತ ಕಣೆ!"

ಆಮೇಲೆ ಮೂರು ವರ್ಷ, ನಾನು ನಲ್ಲಿಯ ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು.

ನಾನು ಕೊಳ್ಳೇಗಾಲದ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತೇನೆ. ಎಂಟು ಗಂಟೆಯ ಬಸ್ಸು ತಪ್ಪಬಾರದು. ಒಂದಿಡೀ ಅಧ್ಯಾಯವನ್ನು ಒಂದೇ ಉಸಿರಿನಲ್ಲಿ ಓದಿ ಪುಸ್ತಕ ಮುಚ್ಚುತ್ತಿದ್ದೆ.

"ಓದ್ತಿದ್ದೀಯಾ, ಓಡ್ತಿದ್ದೀಯಾ?" ಅಂದಳು ಒಂದು ದಿನ.

"ಬಸ್ಸು ಬತ್ತದೆ."

"ಬರ್ಲಿ. ಒಂದೇ ಸಾಲು ಸಾಕು ನಂಗೆ. ಓದ್ಬುಟ್ಟು ಸುಮ್ನೆ ಕೂತ್ಕೊ."

ವಯಸ್ಸಿನಲ್ಲಿದ್ದಾಗ ಅವಳು ಕಾನ್ವೆಂಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳಂತೆ. ಅಕ್ಷರ ಕಲಿಸಿದ ಸಿಸ್ಟರು, ಅನ್ನ ಬೇಯುವವರೆಗೂ ಒಂದೇ ಸಾಲನ್ನು ಮನಸ್ಸಿನಲ್ಲಿ ಮೆಲುಕು ಹಾಕುವ ಅಭ್ಯಾಸ ಮಾಡಿಸಿದ್ದರಂತೆ. ಕಪಟಿಗಳನ್ನು, ಸುಳ್ಳು ಸಾಕ್ಷಿ ಹೇಳುವವರನ್ನು ಬೈದ ಸಾಲುಗಳನ್ನೇ ನಾನು ಬೇಕೆಂದು ಹುಡುಕಿ ಹುಡುಕಿ ಓದಿದೆ. ಅವಳಿಗೆ ಚುಚ್ಚಲಿ ಅಂತ. ಅವಳು ತಲೆಯಾಡಿಸಿ, "ಇನ್ನೊಂದ್ಸಲ ಓದು" ಅನ್ನುತ್ತಿದ್ದಳು. ಆಗ ನನ್ನ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಯೇಸುವನ್ನು ಹಿಡಿದುಕೊಂಡು ಹೋದ ಭಾಗಕ್ಕೆ ಬಂದೆವು. ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತ ಶಿಷ್ಯ ಪೇತ್ರ, ಆತ ಯಾರೋ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳುತ್ತಾನೆ. ಯೇಸು ಮೊದಲೇ ಹೇಳಿದ್ದ ಹಾಗೆ ಕೋಳಿ ಕೂಗುತ್ತದೆ. ಯೇಸು ತಿರುಗಿ ಅವನನ್ನು ನೋಡುತ್ತಾರೆ. ಅಲ್ಲಿ ಅತ್ತಿಗೆ ಕೈ ಎತ್ತಿ ನಿಲ್ಲಿಸಿದಳು. ಆಮೇಲೆ ದಿನವೂ ಅದೇ ಸಾಲು. ಮೊದಲ ಎರಡು ದಿನ ಹಲ್ಲು ಕಚ್ಚಿಕೊಂಡು ಓದಿದೆ. ಮೂರನೆಯ ದಿನ ಅಂಗಡಿಯಲ್ಲಿ ಹುಕ್ಕು ಹಾಕುತ್ತಿದ್ದಾಗ, ನಾನು ಕರೆಯದೆಯೇ ಆ ನೋಟ ಬಂದು ಎದುರಿಗೆ ನಿಂತಿತು. ಸೂಜಿ ಬೆರಳಿಗೆ ಚುಚ್ಚಿತು.

"ಎಂಗ್ ನೋಡಿರ್ಬೋದು?" ಅಂತ ಅವಳು ಮಾರನೆಯ ದಿನ ಕೇಳಿದಳು.

"ಸಿಟ್ಟಿಂದ. ಉಂಡ ಮನೆಗೆ ಎರಡು ಬಗೆದೋನನ್ನ ಇನ್ನೆಂಗ್ ನೋಡ್ತಾರೆ?"

"ನೀನು ನನ್ನ ನೋಡೋ ಅಂಗಾ?"

"ನಿಮಗೆ ಕಣ್ಣೇ ಕಾಣಲ್ವಲ್ಲ ಅತ್ಗಮ್ಮ."

"ನೀನು ಲೋಟ ಮಡಗೋ ಸದ್ದಲ್ಲೇ ಗೊತ್ತಾಯ್ತದೆ ಕಣೆ."

ಒಂಬತ್ತನೆಯ ದಿನ ಸಾಲು ಓದಿ ಮುಗಿಸಿ ಸುಮ್ಮನೆ ಕೂತಿದ್ದೆವು. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು ಮಾತಾಡತೊಡಗಿದಳು. "ಅವತ್ತು ಬೆಳಿಗ್ಗೆ ಅವ್ನು, ಎದೆ ಇಂಡ್ದಂಗಾಯ್ತದೆ ಕಣಕ್ಕ ಅಂದ. ಗ್ಯಾಸು ಕಣ್ಲಾ ಅಂದೆ. ಶುಂಠಿ ಕಷಾಯ ಕೊಟ್ಟು ಮಿಲ್ಲಿಗೆ ಕಳಿಸ್ದೆ. ಆಸ್ಪತ್ರೆ ಎಲ್ಡು ಬೀದಿ ಆಚೆಗಿತ್ತು. ಡಾಕ್ಟ್ರು ಕೇಳ್ದಾಗ, ನಂಗೇನೂ ಗೊತ್ತಿಲ್ಲ ಅಂದ್ಬುಟ್ಟೆ. ಜನ ನನ್ನ ಕೇಳೋಕ್ ಮುಂಚೆ ನಿನ್ ಮೇಲೆ ಆಕ್ದೆ."

ಪುಸ್ತಕವನ್ನು ಗೋಡೆಗೆ ಎಸೆದೆ. ರಟ್ಟು ಕಿತ್ತುಬಂತು. "ಮೂರು ವರ್ಷ ನನ್ನ ಜೀವಂತ ಸುಟ್ರಲ್ಲ!" ಎಂದು ಕಿರುಚಿ ಹೊರಟುಹೋದೆ.

ಐದು ದಿನ ಓದಲಿಲ್ಲ. ತಟ್ಟೆ ಇಡುತ್ತಿದ್ದೆ, ಮಾತಿಲ್ಲ. ಭಾನುವಾರ ಚರ್ಚಿನ ಬಾಗಿಲಲ್ಲಿ ಎಲ್ಲರೆದುರು ಅವಳ ಮರ್ಯಾದೆ ಕಳೆಯಬೇಕು ಅಂತ ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಟ್ಟುಕೊಂಡೆ. ಆದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಬಾಯಿಪಾಠವಾಗಿ ಹೋಗಿದ್ದ ಆ ಸಾಲು ಬಿಡಲಿಲ್ಲ. ನಾನು ಅಷ್ಟು ದಿನವೂ ನೋಡುವವರ ಜಾಗದಲ್ಲಿ ನಿಂತು ಓದಿದ್ದೆ. ಪೇತ್ರನ ಹಾಗೆ ನನ್ನನ್ನೂ ಯಾರೋ ನೋಡುತ್ತಿರಬಹುದು ಅನ್ನುವುದು ಹೊಳೆದೇ ಇರಲಿಲ್ಲ. ಕಣ್ಣು ಕಾಣದವಳಿಗೆ ಚುಚ್ಚಲೆಂದು ದೇವರ ಮಾತನ್ನು ಹುಡುಕಿದವಳು ನಾನು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶನಿವಾರ ಸಂಜೆ ಅವಳ ಮುಂದೆ ನಿಂತೆ. "ಗುಂಡಿ ಪಕ್ಕ ಎಲ್ಲರ ಮುಂದೆ ಹೇಳಿದ್ರಿ. ಇದನ್ನೂ ಎಲ್ಲರ ಮುಂದೆ ನೀವೇ ಹೇಳಿ. ನಾನು ಹೇಳಲ್ಲ."

"ಆಯ್ತು, ಕರ್ಕೊಂಡೋಗು" ಅಂದಳು.

ಮಾರನೆಯ ದಿನ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲಲ್ಲಿ ನಿಂತು ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ಹೆಂಗಸರು ನನ್ನ ಕೈ ಹಿಡಿದು ಅತ್ತರು. ನನಗೆ ಅಳು ಬರಲಿಲ್ಲ, ಗೆದ್ದ ಖುಷಿಯೂ ಆಗಲಿಲ್ಲ. ಅವಳು ಗಾಳಿಯಲ್ಲಿ ಕೈಯಾಡಿಸಿ ನನ್ನ ತೋಳು ಹುಡುಕುತ್ತಿದ್ದಳು. ಸ್ವಲ್ಪ ಹೊತ್ತು ಹುಡುಕಲಿ ಅಂತ ಬಿಟ್ಟು, ಆಮೇಲೆ ಹಿಡಿಸಿದೆ.

ಪಾಪನಿವೇದನೆಯಲ್ಲಿ ಸ್ವಾಮಿಗಳು, "ಕ್ಷಮಿಸಿದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ಸುಳ್ಳು ಹೇಳಿ ಬರುವುದಕ್ಕಿಂತ ಇದೇ ವಾಸಿ ಅನಿಸಿತು. ಮೊದಲು ನಾನು ಚರ್ಚಿಗೆ ಹೋಗುತ್ತಿದ್ದದ್ದು ಹುಟ್ಟಿದ ಮನೆಯ ರೂಢಿಯಿಂದ. ಈಗ ಹಾಗಲ್ಲ. ಇಷ್ಟು ಹಗೆ ಇಟ್ಟುಕೊಂಡು ಎದುರಿಗೆ ಕೂತರೂ ಎದ್ದು ಹೋಗದವನೊಬ್ಬ ಇದ್ದಾನೆ ಅನ್ನುವುದನ್ನು ನಾನು ಕಂಡುಕೊಂಡಿದ್ದೇನೆ. ಅತ್ತಿಗೆಯ ಜೊತೆ ಜಗಳ ನಿಂತಿಲ್ಲ. ನಿನ್ನೆಯೂ ಸಾರಿಗೆ ಉಪ್ಪು ಸಾಲದೆಂದು ತಟ್ಟೆ ದೂಡಿದಳು. ಬೇಕಿದ್ದರೆ ತಿನ್ನಿ ಅಂದೆ. ತಿಂದಳು.