ನೇಗಿಲು ಎತ್ತುವ ಜಾಗ

ಹೊಲದ ನಡುವೆ ಬಂದ ಟ್ರ್ಯಾಕ್ಟರ್ ಇದ್ದಕ್ಕಿದ್ದಂತೆ ನೇಗಿಲು ಎತ್ತಿತು. ತುಂಬೆಗಿಡ ಬೆಳೆದಿದ್ದ ಮಂಚದಗಲದ ನೆಲವನ್ನು ಸುತ್ತಿ ಹೋಗಿ, ಆಚೆ ಮತ್ತೆ ನೇಗಿಲು ಇಳಿಸಿತು.

ಬೇಗೂರಿನ ಹತ್ತಿರದ ಆ ಹೊಲವನ್ನು ಕಾಡು ಕಡಿದು ಮೊದಲು ಉತ್ತವರು ನನ್ನ ಮುತ್ತಾತ. ಅವರನ್ನು ಹೂತದ್ದೂ ಅಲ್ಲೇ. ತಾತ ಅದನ್ನು ಮಾರಿ ಚಾಮರಾಜನಗರ ಸೇರಿದ ಮೇಲೆ ನಮ್ಮಲ್ಲಿ ಯಾರೂ ಆ ಕಡೆ ಹೋಗಿರಲಿಲ್ಲ. ಬೆಳಗಿನಿಂದ ಸಮಾಧಿಯ ಕಲ್ಲು ಹುಡುಕಿ ಸೋತು ಬದುವಿನ ಮೇಲೆ ಕೂತಿದ್ದೆ.

ಅಷ್ಟು ನೆಲ ಯಾಕೆ ಬಿಟ್ಟಿರಿ ಎಂದು ಟ್ರ್ಯಾಕ್ಟರ್ ಓಡಿಸುತ್ತಿದ್ದ ಹೊಲದ ಈಗಿನ ಯಜಮಾನರನ್ನು ಕೇಳಿದೆ.

“ನಮ್ಮಪ್ಪ ಇಲ್ಲಿ ನೇಗ್ಲು ಎತ್ಬುಡೋನು, ನಾನೂ ಎತ್ಬುಡ್ತೀನಿ ಕಣಪ್ಪ. ಯಾರೋ ದೊಡ್ಡೋರು ಮಲಗವ್ರಂತೆ. ದೀಪಾವಳೀಲಿ ಒಂದ್ ಎಡೆ ಇಕ್ತೀವಿ. ಎಸ್ರು ಗೊತ್ತಿಲ್ಲ, ಅದ್ಕೇ ನಮ್ ತಾತನ್ ಎಸ್ರಲ್ಲೇ ಇಕ್ಬುಡ್ತೀವಿ.”

ಮುತ್ತಾತನ ಹೆಸರು ಹೇಳಿದೆ. ಮರೆಯದಿರಲೆಂದು ಅವರು ಅದನ್ನು ಎರಡು ಸಲ ಹೇಳಿಕೊಂಡರು.

ಪ್ರತಿ ದೀಪಾವಳಿಗೂ ನಮ್ಮ ಮನೆಯಲ್ಲಿ ಮುತ್ತಾತನಿಗೆ ತಪ್ಪದೆ ಎಡೆ ಇಡುತ್ತಿದ್ದೆವು. ಅವರು ಉಂಡದ್ದು ಮಾತ್ರ ಇಷ್ಟು ವರ್ಷವೂ ಈ ಹೊಲದಲ್ಲಿ, ಬೇರೆಯವರ ತಾತನ ಹೆಸರಿನಲ್ಲಿ.